ಗಡಿಗೆಯೊಳಗಿನ ಸೇತುವೆ

“ಗುರುಗಳೇ, ಸಾಲ ಮಾಡಿ ಓದುವುದು ತಪ್ಪೇ?” ಎಂದು ನಾಗವೇಣಿ ಕೇಳಿದಳು.

ಅವಳಿಗೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಶುಲ್ಕ ಕಟ್ಟುವ ಶಕ್ತಿ ಮನೆಯವರಿಗಿರಲಿಲ್ಲ. ಸರ್ಕಾರ ಸಾಲ ಕೊಡಲು ಒಪ್ಪಿತ್ತು. ನಾಳೆ ಸಹಿ ಹಾಕಬೇಕು.

“ಏನು ಅಡ ಇಡುತ್ತೀಯೆ?” ಎಂದರು ಗುರುಗಳು.

“ಅವರು ಏನನ್ನೂ ಕೇಳಿಲ್ಲ.”

“ಕೇಳದೆ ಇಟ್ಟುಕೊಳ್ಳುವುದೂ ಉಂಟು. ಕೂತುಕೋ.”

ಅವಳು ಕೂತಳು. ಗುರುಗಳು ಕತೆ ಹೇಳಿದರು.

ಒಬ್ಬ ರಾಜ ಓದಬೇಕೆನ್ನುವ ಬಡವರಿಗೆ ಬೊಕ್ಕಸದಿಂದ ಸಾಲ ಕೊಡುತ್ತಿದ್ದ. ಅವರಿಗೆ ಹೊಲವಿಲ್ಲ, ಒಡವೆಯಿಲ್ಲ. ಹಾಗಾಗಿ ಒಂದು ಕನಸನ್ನು ಅಡ ಇಡಿಸಿಕೊಳ್ಳುತ್ತಿದ್ದ. ಕನಸನ್ನು ಗಡಿಗೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಪೇಟೆ ಬೀದಿಯ ಒಂದು ಮನೆಯಲ್ಲಿ ಇಡುತ್ತಿದ್ದರು. ಹುಣ್ಣಿಮೆಗೊಮ್ಮೆ ಸಾಲಗಾರರು ಬಂದು ತಮ್ಮ ಗಡಿಗೆ ಬಿಚ್ಚಿ ನೋಡಬಹುದಿತ್ತು.

ಒಬ್ಬ ನೇಕಾರನ ಮಗಳು ಸಾಲ ಕೇಳಲು ಬಂದಳು. ಅವಳ ಊರ ಹಳ್ಳಕ್ಕೆ ಸೇತುವೆ ಇರಲಿಲ್ಲ. ಅವಳ ತಾಯಿ ಹಳ್ಳ ದಾಟಲು ಹೋಗಿ ನೀರುಪಾಲಾಗಿದ್ದಳು. ಅಂದಿನಿಂದ ಮಗಳಿಗೆ ಒಂದೇ ಕನಸು. ಹಳ್ಳದ ಮೇಲೆ ಕಲ್ಲಿನ ಸೇತುವೆ. ಅದರ ಮೇಲೆ ತಾಯಿ ನಡೆದು ಬರುತ್ತಾಳೆ, ಸೀರೆಯ ಅಂಚು ಒದ್ದೆಯಾಗಿರುವುದಿಲ್ಲ.

“ಒಳ್ಳೆಯ ಕನಸು,” ಎಂದ ಗಡಿಗೆಗಳ ಕಾವಲುಗಾರ. “ಮೊನ್ನೆ ಒಬ್ಬ ಹೋಳಿಗೆ ಊಟದ ಕನಸು ತಂದಿದ್ದ. ಆ ಗಡಿಗೆಗೆ ಮುತ್ತುವ ಇರುವೆ ಓಡಿಸುವುದೇ ನನಗೆ ಕೆಲಸವಾಗಿದೆ.”

ಅವಳು ನಕ್ಕಳು. ಕನಸನ್ನು ಇಟ್ಟು ಹೋದಳು. ಸೇತುವೆ ಕಟ್ಟುವ ವಿದ್ಯೆ ಕಲಿತಳು.

ಕಲಿತ ಮೇಲೆ ಸಾಲ ತೀರಿಸಬೇಕಲ್ಲ. ಹಳ್ಳಿಯಲ್ಲಿ ಕೂಲಿ ಕೊಡುವವರಿರಲಿಲ್ಲ. ವರ್ತಕರು ಕರೆದರು. ಅವರಿಗೆ ಮಹಡಿ ಮನೆಗಳನ್ನು ಕಟ್ಟಿದಳು. ಸಾಲಗಾರಳೆಂದು ಜನ ನೋಡಿಯಾರೆಂದು ನಾಚಿ, ಗಡಿಗೆ ಮನೆಯ ಬೀದಿ ಬಿಟ್ಟು ಹಿತ್ತಲ ದಾರಿಯಲ್ಲೇ ಓಡಾಡಿದಳು. ಹುಣ್ಣಿಮೆಗಳು ಬಂದು ಹೋದವು. ನಿದ್ದೆ ಬರುತ್ತಿತ್ತು, ಅದರಲ್ಲಿ ಏನೂ ಇರುತ್ತಿರಲಿಲ್ಲ.

ತಲೆ ನರೆಯುವ ಹೊತ್ತಿಗೆ ಸಾಲ ತೀರಿತು. ಅವಳು ತಲೆಯೆತ್ತಿ ಪೇಟೆ ಬೀದಿಯಲ್ಲೇ ನಡೆದು ಬಂದಳು. ಕಾವಲುಗಾರ ಗಡಿಗೆ ತಂದಿಟ್ಟ. ಬಟ್ಟೆ ಬಿಚ್ಚಿದಳು. ಒಳಗೆ ನೀರು ಹರಿಯುವ ಸದ್ದು. ನೀರಿನ ಮೇಲೆ ಸೇತುವೆ. ಅದರ ಮೇಲೆ ಒಬ್ಬ ಹೆಂಗಸು ನಿಂತು ಇವಳನ್ನೇ ನೋಡುತ್ತಿದ್ದಳು.

ಅವಳು ಬಹಳ ಹೊತ್ತು ಬಗ್ಗಿ ನೋಡಿದಳು.

“ಗಡಿಗೆ ಅದಲುಬದಲಾಗಿದೆ,” ಎಂದಳು. “ಈ ಹೆಂಗಸು ಯಾರೋ ನನಗೆ ಗೊತ್ತಿಲ್ಲ.”

“ಗಡಿಗೆ ನಿನ್ನದೇ ಕಣಮ್ಮ,” ಎಂದ ಕಾವಲುಗಾರ. “ಬಾಗಿಲು ತೆರೆದೇ ಇತ್ತು. ನೀನು ಒಮ್ಮೆಯೂ ಬರಲಿಲ್ಲ.”

ಗುರುಗಳು ಕತೆ ನಿಲ್ಲಿಸಿದರು. ನಾಗವೇಣಿಗೆ ತನ್ನ ಊರು ಕಣ್ಣಮುಂದೆ ಬಂತು.

“ಹಾಗಾದರೆ ಸಹಿ ಹಾಕುವುದು ಬೇಡವೇ?” ಎಂದಳು ಮೆಲ್ಲಗೆ.

“ಹಾಕು, ಆದರೆ ಹಿತ್ತಲ ದಾರಿ ಹಿಡಿಯಬೇಡ,” ಎಂದರು ಗುರುಗಳು.