ಟರ್ಕಿ ಮರಿಗಳಲ್ಲಿ ಹೇಂಟೆ ಯಾವುದು

ಹೊಳೆದಂಡೆಯ ಆಶ್ರಮಕ್ಕೆ ಭಕ್ತರೊಬ್ಬರು ಒಂದು ಬುಟ್ಟಿ ತುಂಬ ಟರ್ಕಿ ಕೋಳಿಮರಿ ತಂದುಕೊಟ್ಟು ಹೋದರು.

ದೋಣಿ ನಡೆಸುವ ತಿಪ್ಪಕ್ಕ ಬುಟ್ಟಿಯೊಳಗೆ ಇಣುಕಿದಳು.

"ಹುಟ್ಟು ಹಾಕಿ ಹಾಕಿ ರಟ್ಟೆ ಸೋತಿದೆ ಬುದ್ಧಿ. ಇದರಲ್ಲಿ ಹೇಂಟೆಗಳಿದ್ದರೆ ನನಗೆ ಕೊಡಿ. ಮೊಟ್ಟೆ ಮಾರಿಕೊಂಡು ದಡದ ಮೇಲೆ ಕೂತು ಉಣ್ತೀನಿ."

ಗುರು ಮರುಳಯ್ಯ ಒಪ್ಪಿದರು. ಸಾಕುವ ಕೆಲಸ ಶಿಷ್ಯ ಪಂಪಯ್ಯನ ಪಾಲಿಗೆ ಬಂತು.

ಪಂಪಯ್ಯ ತಟ್ಟೆಯಲ್ಲಿ ನೀರಿಟ್ಟ. ಮರಿಗಳು ನೀರಿನ ಪಕ್ಕದಲ್ಲೇ ನಿಂತು ಬಾಯಾರಿಕೆಯಿಂದ ಕೂಗಿದವು.

ಗುರುಗಳು ಒಂದು ಗಾಜಿನ ಗೋಲಿಯನ್ನು ತಟ್ಟೆಗೆ ಹಾಕಿದರು. ಹೊಳೆಯುವ ಗೋಲಿಯನ್ನು ಕುಕ್ಕಲು ಹೋದ ಮರಿಯ ಕೊಕ್ಕು ನೀರಿಗೆ ತಾಗಿತು. ಅದು ಕುಡಿಯಿತು. ಅದನ್ನು ನೋಡಿ ಉಳಿದವೂ ಕುಡಿದವು.

"ನೀರು ಕುಡಿಯೋದನ್ನೂ ಕಲಿಸಬೇಕಾ ಬುದ್ಧಿ? ಎಂಥ ಪೆದ್ದು ಮರಿಗಳು."

"ನೀನು ಬಂದ ದಿನ ಅನ್ನದ ಮುಂದೆ ಕೂತು ಅತ್ತಿದ್ದೆ," ಎಂದರು ಗುರುಗಳು.

ಪಂಪಯ್ಯ ನಕ್ಕುಬಿಟ್ಟ. ಅಂದಿನಿಂದ ಮರಿಗಳ ಮೇಲೆ ಅವನಿಗೆ ಅಕ್ಕರೆ ಹುಟ್ಟಿತು.

ಮರಿಗಳಿಗೆ ರೆಕ್ಕೆ ಬಲಿತವು. ಕೆಲವು ಬಾಲ ಬಿಚ್ಚಿ, ಎದೆಯುಬ್ಬಿಸಿ ಅಂಗಳದಲ್ಲಿ ಮೆರೆಯತೊಡಗಿದವು.

"ಹುಂಜ ಯಾವುದು, ಹೇಂಟೆ ಯಾವುದು ಗೊತ್ತಾಯ್ತು ಬುದ್ಧಿ. ಮೆರೆಯೋವೆಲ್ಲ ಹುಂಜ, ತೆಪ್ಪಗಿರೋವೆಲ್ಲ ಹೇಂಟೆ."

"ಹೌದಾ?" ಎಂದರು ಗುರುಗಳು.

ಪಂಪಯ್ಯ ಎರಡು ಗೂಡು ಮಾಡಿದ. ತೆಪ್ಪಗಿದ್ದವಕ್ಕೆ ನುಗ್ಗೆಸೊಪ್ಪು, ಮೊಸರು ಕಲಸಿದ ನುಚ್ಚು. ತಿಪ್ಪಕ್ಕನ ಮನೆಗೆ ಹೋಗುವ ಹೆಣ್ಣುಮಕ್ಕಳಲ್ಲವೇ. ಮೆರೆಯುವವಕ್ಕೆ ಬರೀ ತೌಡು. ಅವುಗಳಲ್ಲೆಲ್ಲ ಹೆಚ್ಚು ಜಂಬದ್ದಕ್ಕೆ ದಳವಾಯಿ ಎಂದು ಹೆಸರಿಟ್ಟ.

ತಿಂಗಳುಗಳು ಉರುಳಿದವು. ಒಂದು ಬೆಳಗ್ಗೆ ತಿಪ್ಪಕ್ಕ ಹೇಂಟೆಗಳನ್ನು ಕರೆದೊಯ್ಯಲು ಬಂದಳು. ಪಂಪಯ್ಯ ಮುದ್ದಿನ ಗೂಡಿನ ಬಾಗಿಲು ತೆಗೆದ.

ಮೊದಲು ಹೊರಬಂದ 'ಹೇಂಟೆ' ಕತ್ತು ಚಾಚಿ ಗುಳುಗುಳು ಎಂದು ಕೂಗಿತು. ಅದರ ಹಿಂದೆಯೇ ಇನ್ನೊಂದು. ಅದರ ಎದೆಯಲ್ಲಿ ಕುದುರೆ ಬಾಲದಂಥ ಕೂದಲಿನ ಕುಚ್ಚು ಜೋತಾಡುತ್ತಿತ್ತು.

"ಸ್ವಾಮೀ, ಇವು ಮೊಟ್ಟೆ ಇಡೋ ಥರ ಕಾಣೋದಿಲ್ಲ," ಎಂದಳು ತಿಪ್ಪಕ್ಕ.

ಪಂಪಯ್ಯನ ಮುಖ ಬಾಡಿತು. ಇನ್ನೂ ಒಂದು ಮಳೆಗಾಲ ಈ ತಾಯಿ ಹುಟ್ಟು ಹಾಕಬೇಕೇ?

ಅಷ್ಟರಲ್ಲಿ ಇನ್ನೊಂದು ಗೂಡಿನ ಮೂಲೆಯಲ್ಲಿ ಹುಲ್ಲಿನ ಮೇಲೆ ಕೂತಿದ್ದ ದಳವಾಯಿ ಮೈ ಕೊಡವಿ ಎದ್ದಿತು. ಕೆಳಗೆ, ಕಂದು ಚುಕ್ಕೆಯ ದೊಡ್ಡದೊಂದು ಮೊಟ್ಟೆ.

ತಿಪ್ಪಕ್ಕ ಅದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. "ಇನ್ನೂ ಬಿಸಿ ಇದೆ," ಎಂದು ನಗತೊಡಗಿದವಳಿಗೆ ನಗು ನಿಲ್ಲಲಿಲ್ಲ. ಪಂಪಯ್ಯನಿಗೂ ನಿಲ್ಲಲಿಲ್ಲ.

ತೌಡಿನ ಗೂಡಿನ ಹೇಂಟೆಗಳನ್ನೆಲ್ಲ ದೋಣಿಗೆ ಏರಿಸಿದರು. ಒಂದೊಂದೂ ಕೊಬ್ಬಿ ಮಿರುಗುತ್ತಿತ್ತು. ಎತ್ತಿ ಕೊಡುವಾಗ ಪಂಪಯ್ಯನ ಕೈ ಜಗ್ಗಿತು.

ದೋಣಿ ದೂರವಾದ ಮೇಲೆ ಅವನು ಕೇಳಿದ: "ನಾನು ಇವಕ್ಕೆ ಬರೀ ತೌಡು ಹಾಕಿದ್ದೆ ಬುದ್ಧಿ. ಹೇಗೆ ಇಷ್ಟು ಮೈತುಂಬಿಕೊಂಡವು?"

ಗುರುಗಳು ದೋಣಿಯನ್ನೇ ನೋಡುತ್ತಿದ್ದರು.

"ಹೇಂಟೆ ಯಾವುದು ಅಂತ ನನಗೆ ತಿಳೀಲಿಲ್ಲಪ್ಪ. ಅದಕ್ಕೇ ಎಲ್ಲವಕ್ಕೂ ಮೊಸರುನುಚ್ಚು ಹಾಕ್ತಿದ್ದೆ."