ಭರ್ತಿಯಾದ ಟ್ಯಾಕ್ಸಿ

ಕುದುರೆಯ ಭಾಷೆ, ಕಾರಿನ ಭಾಷೆ ಎರಡನ್ನೂ ಬಲ್ಲವನು ಈ ಭೂಮಿಯ ಮೇಲೆ ನಿಮ್ಮ ಈ ಮಾಮ, ನಾನೊಬ್ಬನೇ, ಮಕ್ಕಳೇ. ಅದಕ್ಕೇ ಈ ಸಂಗತಿ ನಿಮ್ಮ ಕಿವಿಗೆ ಬೀಳುತ್ತಿದೆ. ಐರ್ಲೆಂಡಿನಲ್ಲಿ ಬಿಸ್ಕತ್ತು ಕಂಪನಿಯೊಂದರ ದೊಡ್ಡ ಸಾಹೇಬ ಫಿನ್‌ಬಾರ್ ತನ್ನದೇ ಖರ್ಚಿನಲ್ಲಿ ಒಂದು ರೇಸು ಕುದುರೆ, ಒಂದು ಟ್ಯಾಕ್ಸಿ ಇಟ್ಟಿದ್ದ. ಅಲ್ಲಿ ಬಸ್ಸುಗಳಿಗೆಂದೇ ಬಿಟ್ಟ ಹಾದಿಯಲ್ಲಿ ಸ್ವಂತ ಕಾರು ಹೋಗುವಂತಿಲ್ಲ, ಟ್ಯಾಕ್ಸಿಯಾದರೆ ನುಗ್ಗಬಹುದೆಂದು ತಾನೇ ಅದನ್ನು ಓಡಿಸುತ್ತಿದ್ದ. ಬಾಡಿಗೆಗೆ ಯಾರನ್ನೂ ಹತ್ತಿಸಿರಲಿಲ್ಲ.

ಒಂದು ದಿನ ರೇಸಿನಲ್ಲಿ ಕುದುರೆ ಗೆದ್ದಿತು. "ಊರೆಲ್ಲ ನನ್ನ ಹೆಸರು ಕೂಗಿತು. ನಿನ್ನನ್ನು ಯಾರು ಕೂಗುತ್ತಾರಯ್ಯ?" ಎಂದು ಟ್ಯಾಕ್ಸಿಯನ್ನು ಕೆಣಕಿತು.

"ದಾರಿಯುದ್ದಕ್ಕೂ ಕೈಯೆತ್ತಿ ಕೂಗುತ್ತಾರಣ್ಣಾ, ಸಾಹೇಬರು ನಿಲ್ಲಿಸುವುದಿಲ್ಲ. ಒಂದು ಸಲವಾದರೂ ನನ್ನೊಳಗೆ ಇಬ್ಬರು ಕೂತು ಮಾತಾಡಬೇಕೆಂಬ ಆಸೆ ನನಗೆ."

"ಸಾಹೇಬ ಗೆದ್ದ ಖುಷಿಯಲ್ಲಿದ್ದಾನೆ. ಇವತ್ತು ಹತ್ತಿಸಿಕೊಳ್ಳುತ್ತಾನೆ, ನೋಡು."

ಸಾಹೇಬ ಬಹುಮಾನದ ಬೆಳ್ಳಿ ಬಟ್ಟಲು ಹಿಡಿದು ಬಂದು ಟ್ಯಾಕ್ಸಿಯಲ್ಲಿ ಕೂತ. ರೇಸಿನ ಮೈದಾನದ ಗೇಟಿನ ಬಳಿ ಮುದುಕಿಯೊಬ್ಬಳು ಕಿಟಕಿಗೆ ಬಾಗಿ, "ಖಾಲಿ ಇದೆಯೇನಪ್ಪಾ?" ಎಂದಳು. ಟ್ಯಾಕ್ಸಿ ಎಂಜಿನ್ನಿನ ಸದ್ದನ್ನೂ ತಗ್ಗಿಸಿ ಕಾಯಿತು.

"ಇಲ್ಲಮ್ಮ, ಭರ್ತಿ" ಎಂದ ಸಾಹೇಬ. ಬಟ್ಟಲನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಅದಕ್ಕೆ ಬೆಲ್ಟು ಬಿಗಿದು, ಗಾಡಿ ಬಿಟ್ಟ.

"ಕೊನೆಯ ತಿರುವಿನಲ್ಲಿ ನಮ್ಮ ಕುದುರೆ ಹೇಗೆ ಮುನ್ನುಗ್ಗಿತು, ನೋಡಿದೆಯಾ?" ಎಂದು ಮನೆ ಮುಟ್ಟುವವರೆಗೂ ಆ ಬಟ್ಟಲನ್ನು ಕೇಳುತ್ತಲೇ ಹೋದ.