ಫೋಟೋದಲ್ಲಿದ್ದ ಹಾಗೇ ಮನೆ ಕಾದ ಚೆಲುವ

ಒಬ್ಬಳು ತಾಯಿ, ಒಬ್ಬ ಮಗ. ತಾಯಿಯ ಹೆಸರು ತಿರುಮಲಮ್ಮ, ಮಗನ ಹೆಸರು ಚೆಲುವ. ವಯಸ್ಸು ಮೂವತ್ತು ದಾಟಿತ್ತು, ಆಳು ಬಾಗಿಲೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ದಾರಿಯಲ್ಲೆಲ್ಲೋ ಉಳಿದುಬಿಟ್ಟಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ತೊಂದರೆ. ಹಾಲು ನೋಡ್ತಿರು ಅಂದರೆ ಅದು ಉಕ್ಕಿ, ಹರಿದು, ಒಲೆ ಆರುವವರೆಗೂ ನೋಡುತ್ತಲೇ ಇರುತ್ತಿದ್ದ.

ಅವರಿದ್ದ ಬಾಡಿಗೆ ಮನೆಯ ಹೆಂಚು ಇಳಿಸಿ ಹೊಸ ಸೂರು ಹಾಕಿಸಬೇಕು, ಅಮಾವಾಸ್ಯೆಗೆ ಮುಂಚೆ ಖಾಲಿ ಮಾಡಿ, ಮೂರು ತಿಂಗಳಾದ ಮೇಲೆ ನೀವೇ ಬನ್ನಿ ಅಂತ ಮಾಲೀಕರು ಹೇಳಿದರು. ಅಲ್ಲಿಯವರೆಗೆ ಎಲ್ಲಿರುವುದು? ಊರಲ್ಲಿ ಒಂದು ಮೊಬೈಲ್ ಗುಂಪಿತ್ತು. ಯಾತ್ರೆಗೋ ಬಾಣಂತನಕ್ಕೋ ಹೋಗುವವರು ಅದರಲ್ಲಿ ಮನೆಯ ಫೋಟೋ ಹಾಕಿ, 'ಮನೆ ಕಾಯೋರು ಬೇಕಾಗಿದ್ದಾರೆ' ಅಂತ ಬರೆಯುತ್ತಿದ್ದರು. ಗಿಡಕ್ಕೆ ನೀರು ಹಾಕಿ, ಸಂಜೆ ದೀಪ ಹಚ್ಚಿ, ಸುಮ್ಮನೆ ಇದ್ದುಬಿಟ್ಟರೆ ಸಾಕು.

ತಿರುಮಲಮ್ಮ ಒಂದೊಂದು ಫೋಟೋವನ್ನೂ ಕಣ್ಣು ಕಿರಿದು ಮಾಡಿ ನೋಡಿದಳು. ಫೋಟೋ ಅಂದರೆ ಅವಳಿಗೆ ಆಗದು. ಮದುವೆಗೆ ಮುಂಚೆ ಅವಳಿಗೆ ತೋರಿಸಿದ್ದು ಒಂದೇ ಫೋಟೋ. ಕೋಟು ಹಾಕಿದ ಗಂಡು, ಪಕ್ಕದಲ್ಲಿ ಮೋಟಾರ್ ಬೈಕು, ಹಿಂದೆ ಮಹಡಿ ಮನೆ. ಮದುವೆಯಾದ ಮೇಲೆ ಗೊತ್ತಾಯಿತು, ಕೋಟು ಸ್ಟುಡಿಯೋದ್ದು, ಬೈಕು ಸ್ಟುಡಿಯೋದ್ದು, ಮಹಡಿ ಮನೆ ಪರದೆ ಮೇಲೆ ಬರೆದದ್ದು. ಗಂಡ ಒಬ್ಬ ಮಾತ್ರ ನಿಜ. ಪಾಪ, ಅವನೂ ಈಗಿಲ್ಲ.

ಮಗನನ್ನು ಮನೆ ನೋಡಲು ಕಳಿಸುವಾಗ ಎಚ್ಚರಿಸಿದಳು, "ನಂಬಬ್ಯಾಡ ಕಣ್ಲಾ! ಫೋಟೋದಲ್ಲಿರೋದು ಎದುರಿಗೂ ಹಂಗೇ ಐತಾ ನೋಡು. ಒಂಚೂರು ಬ್ಯಾರೆ ಇದ್ರೂ ಮೋಸ ಅಂತ ತಿಳ್ಕೊಂಡು ಬಂದ್‌ಬಿಡು!"

"ಆಗ್ಲಿ ಕಣವ್ವ!"

ಚೆಲುವ ಮೊಬೈಲ್ ಹಿಡಿದು ಮೇಷ್ಟರ ಮನೆಗೆ ಹೋದ. ಬಾಗಿಲು ನೋಡಿದ, ಸರಿ. ಕಿಟಕಿ ಎಣಿಸಿದ, ಸರಿ. ಹೊಸ್ತಿಲ ಮುಂದೆ ನೋಡಿದ. ಫೋಟೋದಲ್ಲಿ ನವಿಲಿನ ರಂಗೋಲಿ, ಎದುರಿಗೆ ತಾವರೆಯದು!

"ಮೋಸ! ಮೋಸ! ನವಿಲು ತೋರ್ಸಿ ತಾವರೆ ಕೊಡ್ತಾರೆ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾ ಬಂದುಬಿಟ್ಟ. ಅವನಿಗೆಂದು ಕಾಫಿ ತಂದಿದ್ದ ಮೇಷ್ಟರ ಹೆಂಡತಿ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು.

ತಿರುಮಲಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ರಂಗೋಲಿ ದಿನಾ ಅಳಿಸ್ತಾರೆ, ದಿನಾ ಬಿಡ್ತಾರೆ ಕಣೋ! ಕಾಣೋದನ್ನ ಬಿಡು. ಬಚ್ಚಿಟ್ಟಿರೋದನ್ನ ಫೋಟೋ ತೆಗೆಯಾಕಿಲ್ಲ. ಫೋಟೋದಲ್ಲಿ ಏನಿಲ್ವೋ ಅದನ್ನ ಕೇಳು!"

"ಆಗ್ಲಿ ಕಣವ್ವ!"

ಮಾರನೇ ದಿನ ಔಷಧಿ ಅಂಗಡಿ ಶಂಭಣ್ಣನ ಮನೆ. ಶಂಭಣ್ಣ ಒಳ್ಳೆಯವನು, ಕುರ್ಚಿ ಹಾಕಿ ಕೂರಿಸಿದ.

"ಫೋಟೋದಲ್ಲಿ ಬಚ್ಚಲುಮನೆ ಇಲ್ಲ. ಐತಾ?"

"ಇದೆಯಪ್ಪ."

"ಬಾವಿ ಇಲ್ಲ. ಐತಾ?"

"ಬಾವಿ ಇಲ್ಲ, ನಲ್ಲಿ ಇದೆ."

"ಆನೆ ಇಲ್ಲ. ಎಲ್ಲಿ ಬಚ್ಚಿಟ್ಟಿದ್ದೀರಿ?"

"ಆನೆಯಾ?"

"ನಿಮ್ಮ ಹೆಂಡ್ರೂ ಫೋಟೋದಲ್ಲಿಲ್ಲ! ಅವರನ್ನೇನು ಮಾಡಿದ್ರಿ?"

ಎದುರು ಮನೆಯವರು ಈ ಮಾತು ಕೇಳಿ ಜಗಲಿಗೆ ಬಂದರು. "ಹೌದಲ್ಲ, ಹದಿನೈದು ದಿನದಿಂದ ಆಯಮ್ಮ ಕಾಣ್ತಾನೇ ಇಲ್ಲ!" ಅಂದರು. ಒಬ್ಬರು ಹಿತ್ತಲಿನ ಮಣ್ಣು ಅಗೆದಿದೆಯಾ ಅಂತ ಇಣುಕಿಯೂ ನೋಡಿದರು. ಶಂಭಣ್ಣ ತವರಿಗೆ ಹೋಗಿದ್ದ ಹೆಂಡತಿಯನ್ನು ಅವತ್ತೇ ಕರೆಸಿ ಬೀದಿಯವರಿಗೆಲ್ಲ ತೋರಿಸಬೇಕಾಯಿತು. ಚೆಲುವನಿಗೆ ಇನ್ನು ಅಂಗಡಿಯ ಹತ್ತಿರವೂ ಸುಳಿಯಬೇಡ ಅಂದ.

ತಿರುಮಲಮ್ಮ ಮತ್ತೆ ಹಣೆ ಚಚ್ಚಿಕೊಂಡಳು. "ಎಂಥಾ ಮಾತು ಆಡ್ದೆಲಾ! ಇನ್ನು ಬಾಯಿ ಬಿಟ್ರೆ ಕೇಳು! ಬಾಯಿ ಮುಚ್ಕೊಂಡು ಸೀದಾ ಒಳಕ್ಕೋಗು. ಗೋಡೆ ತಟ್ಟಿ ನೋಡು, ತೇವ ಐತಾ ಅಂತ. ನಲ್ಲಿ ತಿರುಗ್ಸಿ ನೋಡು, ನೀರು ಬರ್ತದಾ ಅಂತ. ಒಂದು ಮಾತೂ ಆಡಬ್ಯಾಡ!"

"ಆಗ್ಲಿ ಕಣವ್ವ!"

ಮೂರನೆಯದು ಇಂಜಿನಿಯರ ಮನೆ. ನೆಂಟರೆಲ್ಲ ಸಾಲಾಗಿ ಎಲೆ ಮುಂದೆ ಕೂತು ಪಾಯಸವನ್ನು ಸೊರ ಸೊರ ಸುರಿಯುತ್ತಿದ್ದರು. ಚೆಲುವ ಬಾಯಿ ಬಿಗಿಹಿಡಿದು ಸೀದಾ ಒಳಗೆ ನುಗ್ಗಿದ. ಗೋಡೆ ತಟ್ಟಿದ. "ಯಾರಪ್ಪಾ ನೀನು?" ಮಾತಿಲ್ಲ. ದೇವರಮನೆ ಗೋಡೆಯನ್ನೂ ತಟ್ಟಿದ. "ಯಾರೋ ನೀನು?" ಮಾತಿಲ್ಲ! ಬಚ್ಚಲ ನಲ್ಲಿ ತಿರುಗಿಸಿದ, ಅಡುಗೆಮನೆ ನಲ್ಲಿ ತಿರುಗಿಸಿದ, ಹಿತ್ತಲ ನಲ್ಲಿ ತಿರುಗಿಸಿದ. ನೀರು ಹರಿದು ಬಂದು ಊಟದ ಎಲೆಗಳನ್ನು ತೇಲಿಸಿತು. ಕಳ್ಳ ಅಂತ ಪೊರಕೆಯಲ್ಲಿ ಬಿಟ್ಟರು. ಆಗಲೂ ತುಟಿ ಬಿಚ್ಚಲಿಲ್ಲ.

"ನಲ್ಲಿ ನಿಲ್ಲಿಸಬಾರದೇನ್ಲಾ?" ತಿರುಮಲಮ್ಮ ಬೆನ್ನಿಗೆ ಎಣ್ಣೆ ತಿಕ್ಕುತ್ತಾ ಕೇಳಿದಳು.

"ನಿಲ್ಸು ಅಂತ ನೀನೇಳ್ಲಿಲ್ಲ ಕಣವ್ವ."

ಅಮಾವಾಸ್ಯೆಗೆ ಇನ್ನೆರಡೇ ದಿನ. ಉಳಿದದ್ದು ಒಂದೇ ಮನೆ, ಪೋಸ್ಟಾಫೀಸಿನಿಂದ ನಿವೃತ್ತರಾದ ಅಂಬುಜಮ್ಮನವರದು. ಅವರು ಮೂರು ತಿಂಗಳ ಮಟ್ಟಿಗೆ ಅಂದೇ ಕಾಶಿಗೆ ಹೊರಟಿದ್ದರು. ಈ ಸಲ ತಿರುಮಲಮ್ಮ ತಾನೇ ಮಗನನ್ನು ಕರೆದುಕೊಂಡು ಹೋದಳು. ಅಂಬುಜಮ್ಮ ಇವಳಿಗಿಂತ ಒಂದು ಕೈ ಮೇಲು. ಇವಳು ಅವರ ಗೋಡೆಯನ್ನು ಅನುಮಾನದಿಂದ ನೋಡಿದರೆ, ಅವರು ಇವಳ ಸೆರಗನ್ನು ಅನುಮಾನದಿಂದ ನೋಡಿದರು.

"ಹೋದ ಸಲ ಕಾಯೋಕೆ ಬಂದೋರು ನಡುಮನೆಯಲ್ಲಿ ಮೇಕೆ ಕಟ್ಟಿದ್ರು! ನಾನು ಬರೋವಾಗ ಮನೆ ಈ ಫೋಟೋಗಳಲ್ಲಿ ಹ್ಯಾಗಿದೆಯೋ ಹಾಗೇ ಇರಬೇಕು. ಇದರಲ್ಲಿ ಇಲ್ಲದ್ದು ಯಾವುದೂ ಹೊಸ್ತಿಲು ದಾಟಕೂಡದು!"

"ನೀವು ಹೇಳ್ದಂಗೇ ಅಮ್ಮಾ," ಅಂದಳು ತಿರುಮಲಮ್ಮ. ಮಗನ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡಳು. "ಆಣೆ ಮಾಡ್ಲಾ! ಆಯಮ್ಮ ಹೇಳಿದ್ದಕ್ಕೆ ತಪ್ಪಿದ್ರೆ ನಿಮ್ಮವ್ವ ಸತ್ತಂಗೆ!"

"ನಿನ್ನಾಣೆ ಕಣವ್ವ!" ಅಂದ ಚೆಲುವ.

ಮಾರನೇ ದಿನ ಬೀಗದ ಕೈ, ಮೊಬೈಲು ಎರಡನ್ನೂ ಕೊಟ್ಟು ಅವನನ್ನು ಮುಂದೆ ಕಳಿಸಿದಳು. ಸಂಜೆಯ ಹೊತ್ತಿಗೆ ಪಾತ್ರೆ, ಚಾಪೆ, ಅಕ್ಕಿ ಡಬ್ಬ ಎಲ್ಲ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದರೆ, ಬಾಗಿಲಿಗೆ ಬೀಗ, ಮಗ ಜಗಲಿ ಮೇಲೆ!

"ಒಳಕ್ಕೋಗ್ಲಿಲ್ವಾ?"

"ಹೋದೆ ಕಣವ್ವ. ಫೋಟೋ ಹಿಡ್ಕೊಂಡು ನೋಡ್ದೆ. ನಡುಮನೇಲಿ ನಾನಿಲ್ಲ. ಅಡುಗೆಮನೇಲಿ ನಾನಿಲ್ಲ. ಎಲ್ಲೂ ನಾನಿಲ್ಲ! ಯಾರ್ಲಾ ನೀನು, ನಡಿ ಆಚೆಗೆ ಅಂತ ನನ್ನ ನಾನೇ ಗದರಿಸ್ಕೊಂಡು ಈಚೆ ಬಂದೆ!"

"ಕೊಡಿಲ್ಲಿ ಬೀಗದ ಕೈ!"

ಚೆಲುವ ಎದ್ದು ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ಅಡ್ಡ ನಿಂತ. "ನೀನೂ ಇಲ್ಲ ಕಣವ್ವ ಫೋಟೋದಲ್ಲಿ! ನೀನು ಒಳಕ್ಕೋದ್ರೆ ಸತ್ತೋಗ್ತೀಯ! ನಾನು ಬಿಡಾಕಿಲ್ಲ!" ಅಂದವನ ಕಣ್ಣಲ್ಲಿ ನೀರು ಬಂದಿತ್ತು.

ತಿರುಮಲಮ್ಮ ಸೆರಗಿನಿಂದ ಅವನ ಕಣ್ಣು ಒರೆಸಿದಳು. ಈ ಮಗನನ್ನು ಹೊಡೆಯುವುದೋ, ಅಪ್ಪಿಕೊಳ್ಳುವುದೋ? ಜನ್ಮದಲ್ಲಿ ಮೊದಲ ಸಲ ಫೋಟೋವನ್ನೇ ನಂಬೋಣ ಅಂದುಕೊಂಡಳು. ಮಗನ ಪಕ್ಕ ಜಗಲಿ ಮೇಲೆ ಕೂತು ಆಟೋದವನನ್ನು ಕರೆದಳು.

"ಅಣ್ಣಾ, ಮನೆ ಕಾಣೋ ಹಂಗೆ ನಮ್ಮಿಬ್ರದೂ ಒಂದು ಫೋಟೋ ಹಿಡಿಯಪ್ಪ."

ಆಟೋದವನು ಹಿಡಿದುಕೊಟ್ಟ. ತಿರುಮಲಮ್ಮ ಗೆದ್ದವಳ ಹಾಗೆ ಮೊಬೈಲನ್ನು ಮಗನ ಮುಖದ ಮುಂದೆ ಹಿಡಿದಳು. "ನೋಡ್ಲಾ! ಇದೂ ಈ ಮನೆ ಫೋಟೋನೇ. ಈಗ ನೀನೂ ಇದ್ದೀಯ, ನಾನೂ ಇದ್ದೀನಿ. ತೆಗಿ ಬೀಗ!"

ಚೆಲುವ ಅವ್ವ ಕಲಿಸಿದ ಹಾಗೇ ಕಣ್ಣು ಕಿರಿದು ಮಾಡಿ ನೋಡಿದ. ಮುಖ ಅರಳಿತು. "ಹೂಂ ಕಣವ್ವ! ಇಬ್ರೂ ಇದ್ದೀವಿ!"

ಬೀಗದ ಕೈಯನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡು, ಫೋಟೋದಲ್ಲಿದ್ದ ಜಾಗದಲ್ಲೇ, ಫೋಟೋದಲ್ಲಿದ್ದ ಹಾಗೇ ಕೂತ.

"ಮೂರು ತಿಂಗಳು ಇಲ್ಲೇ, ಹಿಂಗೇ ಇರಬೇಕು ಕಣವ್ವ. ಅಯ್ಯೋ, ಹಣೆ ಚಚ್ಕೋಬ್ಯಾಡ! ಫೋಟೋದಲ್ಲಿ ನಿನ್ನ ಕೈ ಮಂಡಿ ಮ್ಯಾಲೈತೆ!"

ಅವರು ಅಲ್ಲಿ ಜಗಲಿ ಮೇಲೆ, ನಾವು ಇಲ್ಲಿ ಬೆಚ್ಚಗೆ ಒಳಗೆ.